ಅಧ್ಯಕ್ಷರ ಬಾಗಿಲಿಗೊಂದು ಹಂಪು

ಎಲ್ಲರೂ ಒಟ್ಟಿಗೆ ಮಾತಾಡುವಾಗ ಸುಮ್ಮನಿದ್ದು, ಎಲ್ಲರೂ ಸುಮ್ಮನಾದ ಕ್ಷಣಕ್ಕೆ ಸರಿಯಾಗಿ ಬಾಯಿ ತೆರೆಯುವ ದೋಷ ಕೆಲವರ ಹುಟ್ಟಿನಲ್ಲೇ ಇರುತ್ತದೆ. ಅದಕ್ಕೆ ಔಷಧವಿಲ್ಲ. ಅಂಥವರು ಸಭೆಗೆ ಹೋಗಬಾರದು, ಅಷ್ಟೆ. ಮುಳ್ಳಪ್ಪನವರು ಹೋದರು.

ಮುಳ್ಳಪ್ಪ ಎನ್ನುವುದು ಅವರ ಹೆತ್ತವರಿಟ್ಟ ಹೆಸರಲ್ಲ. ಕೀ ಕೊಡುವ ಹಳೇ ಕಾಲದ ವಾಚುಗಳನ್ನು ರಿಪೇರಿ ಮಾಡುತ್ತ, ದಿನವೆಲ್ಲ ಗಡಿಯಾರದ ಮುಳ್ಳುಗಳನ್ನು ಚಿಮಟದಲ್ಲಿ ಹಿಡಿದುಕೊಂಡು ಕೂತಿರುತ್ತಾರೆಂದು ಬಡಾವಣೆಯ ಜನ ಇಟ್ಟದ್ದು. ನಾಲ್ಕು ರಸ್ತೆ ಕೂಡುವ ಕಡೆ ಅವರದು ಮೂಲೆಮನೆ. ಮುಂದಿನ ಕೋಣೆಯೇ ಅಂಗಡಿ. ಕಿಟಕಿಗೆ ಒತ್ತಿಕೊಂಡು ಎದೆಮಟ್ಟದ ಮೇಜು. ಮಿಕ್ಕ ಮೂರು ಮೂಲೆಗಳಲ್ಲಿ ಹಲ್ಲಿನ ಡಾಕ್ಟರು, ಪಿಟೀಲು ಟೀಚರು ಮತ್ತು ಬೇಕರಿಯವನು ಇದ್ದರು.

ಆ ನಾಲ್ಕು ರಸ್ತೆಗಳಲ್ಲಿ ಯಾವುದರಿಂದ ಬಂದವನಿಗೂ ಮಿಕ್ಕ ಮೂರು ಕಾಣುತ್ತಿರಲಿಲ್ಲ. ಕಾಣದ್ದು ಇಲ್ಲವೇ ಇಲ್ಲ ಎಂಬ ತತ್ತ್ವವನ್ನು ಗಟ್ಟಿಯಾಗಿ ನಂಬಿದ್ದ ಒಬ್ಬ ಬೈಕಿನವನು ಒಂದು ಸಂಜೆ ಮೂಲೆ ತಿರುಗಿದ. ಪಿಟೀಲು ಕ್ಲಾಸಿನಿಂದ ಮನೆಗೆ ಹೊರಟಿದ್ದ ಹುಡುಗಿಯೊಬ್ಬಳು ಹೌಹಾರಿ ಹಿಂದಕ್ಕೆ ಬಿದ್ದಳು. ಹುಡುಗಿಯ ಮಂಡಿ ತರಚಿತು, ಪಿಟೀಲಿನ ಕುತ್ತಿಗೆ ಮುರಿಯಿತು, ಬೈಕು ಬೇಕರಿಯ ಒಳಗೆ ಹೋಗಿ ನಿಂತಿತು. ಬೈಕಿನವನು ಸಂಕೋಚದ ಮನುಷ್ಯ. ಅಂಗಡಿಯ ಒಳಗೆ ಬಂದ ಮೇಲೆ ಏನೂ ಕೊಳ್ಳದೆ ಹೋಗಲು ಮನಸ್ಸು ಬಾರದೆ ಒಂದು ಬನ್ನು ತೆಗೆದುಕೊಂಡ.

ಇನ್ನು ಸುಮ್ಮನಿರಬಾರದೆಂದು ಹಲ್ಲಿನ ಡಾಕ್ಟರು ತಮ್ಮ ಕ್ಲಿನಿಕ್ಕಿನ ಬೆಂಚುಗಳ ಮೇಲೆ ಸಭೆ ಕರೆದರು. ನಗರಸಭೆಯ ಇಂಜಿನಿಯರೂ ಬರುವವರಿದ್ದರು.

"ಅಲ್ಲಿ ಹೋಗಿ ಬಾಯಿ ಬಿಡಬೇಡಿ," ಅಂದಳು ಮುಳ್ಳಪ್ಪನವರ ಹೆಂಡತಿ, ಅವರ ಕಾಲರು ಸರಿಮಾಡುತ್ತ.

"ಹಲ್ಲಿನ ಡಾಕ್ಟರ ಮನೇಲಿ ಬಾಯಿ ಬಿಡದೆ ಇರೋದು ಹೇಗೆ ಕಣೇ?"

"ಈ ಥರದ್ದನ್ನೇ ಬೇಡ ಅಂದಿದ್ದು."

ಸಭೆಯಲ್ಲಿ ಸಿಗ್ನಲ್ ದೀಪ ಬೇಕೆಂದರು. ಇಷ್ಟು ಸಣ್ಣ ರಸ್ತೆಗೆ ದೀಪ ಕೊಡಲು ನಿಯಮವಿಲ್ಲವೆಂದರು ಇಂಜಿನಿಯರು. ನಡುವೆ ವೃತ್ತ ಬೇಕೆಂದರು. ವೃತ್ತ ಕಟ್ಟಿದರೆ ಸುತ್ತ ರಸ್ತೆ ಉಳಿಯುವುದಿಲ್ಲವೆಂದರು. ನಿಧಾನವಾಗಿ ಚಲಿಸಿ ಎಂಬ ಬೋರ್ಡು ಹಾಕಿಸುವುದಕ್ಕೆ ಮಾತ್ರ ಅಡ್ಡಿಯಿಲ್ಲವೆಂದರು.

"ಬೋರ್ಡು ನೋಡಿ ನಿಧಾನ ಮಾಡೋ ಜನ ಆಗಿದ್ರೆ, ನನ್ನ ಬೇಕರಿ ಬೋರ್ಡು ನೋಡಿ ಬಾಗಿಲಲ್ಲೇ ನಿಲ್ತಿರಲಿಲ್ವಾ ಸಾರ್ ಆ ಮನುಷ್ಯ," ಅಂದ ಬೇಕರಿಯವನು.

ಇದರಿಂದ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಬೆಂಚಿನ ತುದಿಯಲ್ಲಿದ್ದ ಮುಳ್ಳಪ್ಪನವರು, ಈ ಗದ್ದಲದಲ್ಲಿ ತಮ್ಮ ಮಾತು ತಮಗೇ ಕೇಳಿಸುವುದಿಲ್ಲವೆಂಬ ಧೈರ್ಯದಿಂದ, ಸುಮ್ಮನೆ ಬಾಯಿ ಚಪಲಕ್ಕೆ ಏನೋ ಅಂದುಕೊಂಡರು. ಅದೇ ಗಳಿಗೆಯಲ್ಲಿ ಎಲ್ಲರಿಗೂ ಉಸಿರು ಮುಗಿದಿತ್ತು. ನಿಶ್ಶಬ್ದದಲ್ಲಿ ಅವರ ದನಿಯೊಂದೇ ಮೊಳಗಿತು.

"ಒಂದು ಹಂಪು ಹಾಕಿಬಿಟ್ರೆ ಮುಗೀತಪ್ಪ."

ಎಲ್ಲರೂ ತಿರುಗಿ ನೋಡಿದರು. ಇಂಜಿನಿಯರ ಮುಖ ಅರಳಿತು. ಹಂಪಿಗೆ ನಿಯಮವಿತ್ತು. ಹಲ್ಲಿನ ಡಾಕ್ಟರು ಎದ್ದು ನಿಂತು, ಇಂಥ ದೂರದೃಷ್ಟಿಯವರು ನಮ್ಮ ನಡುವೆ ಇಷ್ಟು ದಿನ ಎಲೆಮರೆಯಲ್ಲಿದ್ದರಲ್ಲ ಎಂದು ವಿಷಾದಿಸಿ, ಅಲ್ಲೇ ರಸ್ತೆ ಸುರಕ್ಷತಾ ಸಮಿತಿ ಕಟ್ಟಿ, ಮುಳ್ಳಪ್ಪನವರನ್ನು ಅಧ್ಯಕ್ಷರನ್ನಾಗಿ ಮಾಡಿದರು. ಇತರ ಪದಾಧಿಕಾರಿಗಳು ಯಾರೂ ಬೇಕಾಗಿಲ್ಲವೆಂದು ಸಭೆ ಒಪ್ಪಿತು.

ಮುಳ್ಳಪ್ಪನವರನ್ನು ಅವರ ಜೀವಮಾನದಲ್ಲಿ ಯಾರೂ ಯಾವುದಕ್ಕೂ ಅಧ್ಯಕ್ಷರನ್ನಾಗಿ ಮಾಡಿರಲಿಲ್ಲ. ಬೆನ್ನು ತಾನಾಗಿಯೇ ನೆಟ್ಟಗಾಯಿತು.

"ಹಂಪು ಯಾವ ಕಡೆ ಹಾಕೋದು?" ಎಂದು ಇಂಜಿನಿಯರು ಕೇಳಿದರು. "ಒಂದು ಹಂಪಿಗೆ ಮಾತ್ರ ಅವಕಾಶ ಇದೆ."

"ನನ್ನ ಕಡೆ ಬೇಡ," ಅಂದರು ಹಲ್ಲಿನ ಡಾಕ್ಟರು. "ನಾನು ಯಂತ್ರ ಬಾಯೊಳಗೆ ಇಟ್ಟಿರುವಾಗ ನೆಲ ಅದುರಿದರೆ, ಕೆಳಗಿನ ಹಲ್ಲು ಕೊರೆಸ್ಕೊಳ್ಳೋಕೆ ಬಂದವನಿಗೆ ಮೇಲಿನದನ್ನೂ ಕೊರೆದು ಕಳಿಸಬೇಕಾಗುತ್ತೆ."

ಪಿಟೀಲು ಟೀಚರು ಮೆಲ್ಲಗೆ ಹೇಳಿದರು: "ನಮ್ಮ ಮಕ್ಕಳಿಗೆ ತಾಳ ನಿಲ್ಲೋದೇ ಕಷ್ಟ. ರಸ್ತೆಯೂ ಒಂದು ತಾಳ ಹಾಕೋಕೆ ಶುರು ಮಾಡಿದ್ರೆ ಅವು ಅದನ್ನೇ ಹಿಡೀತವೆ."

"ಒಲೆಯೊಳಗೆ ಕೇಕು ಉಬ್ಬೋ ಹೊತ್ತಲ್ಲಿ ಧಡ್ ಅಂದ್ರೆ ಚಪ್ಪಟೆ ಆಗುತ್ತೆ ಸಾರ್," ಅಂದ ಬೇಕರಿಯವನು. "ಆಮೇಲೆ ಅದನ್ನ ಬಿಸ್ಕತ್ತು ಅಂತ ಮಾರಬೇಕು."

ಉಳಿದದ್ದು ಒಂದು ಮೂಲೆ. ಎಲ್ಲರೂ ಅಧ್ಯಕ್ಷರನ್ನು ನೋಡಿದರು. ತಮ್ಮ ಕೆಲಸ ಈ ಮೂರಕ್ಕಿಂತಲೂ ನಾಜೂಕಿನದೆಂದು, ಅಲ್ಲಿ ಕೂದಲೆಳೆ ಅಲುಗಿದರೂ ಕೆಟ್ಟಿತೆಂದು ಹೇಳಲು ಅವರ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಧ್ಯಕ್ಷರಾಗಿ ಇನ್ನೂ ಚಹಾ ಕೂಡ ಆರಿರಲಿಲ್ಲ.

"ಸಾರ್ವಜನಿಕರ ಹಿತದ ಮುಂದೆ ನಮ್ಮದೇನಿದೆ," ಅಂದರು. "ನಮ್ಮ ಬಾಗಿಲಿಗೇ ಹಾಕಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಮನೆಯಲ್ಲಿ ಹೆಂಡತಿ ಚಪ್ಪಾಳೆ ತಟ್ಟಲಿಲ್ಲ. "ಬಾಯಿ ಬಿಟ್ರಾ?" ಎಂದಷ್ಟೇ ಕೇಳಿ ಒಳಗೆ ಹೋದಳು.

ಟಾರು ಹಾಕುವವರು ಬಂದರು. ಬೇರೆ ಬೀದಿಯ ಕೆಲಸದಲ್ಲಿ ಉಳಿದ ಟಾರನ್ನು ವಾಪಸು ಹೊತ್ತುಕೊಂಡು ಹೋಗುವುದಕ್ಕೆ ಅವರಿಗೂ ಬೇಸರ. ಹೀಗಾಗಿ ಹಂಪು ತಾನು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲದೆ ಮೇಲಕ್ಕೆ ಬೆಳೆಯಿತು. ಕೊನೆಗೆ ನೋಡಿದರೆ ಆಚೆಯಿಂದ ಬರುವ ಗಿಡ್ಡ ಕಾರು ಹಂಪು ಹತ್ತಿದ ಮೇಲೆಯೇ ಈಚೆಯವರಿಗೆ ಕಾಣುವಂತಾಗಿತ್ತು.

ಇಂಜಿನಿಯರು ಪರಿಶೀಲನೆಗೆ ಬಂದು, ಅದರ ಮೇಲೆ ಹತ್ತಿ ಇಳಿದು, ತೃಪ್ತರಾಗಿ, ಅಂಗಡಿಯೊಳಗೆ ಬಂದು ದನಿ ತಗ್ಗಿಸಿದರು.

"ಅಧ್ಯಕ್ಷರೇ, ಒಂದು ಸ್ವಂತ ಕೆಲಸ." ಜೇಬಿನಿಂದ ಕರ್ಚೀಫು, ಕರ್ಚೀಫಿನಿಂದ ಬಟಾಣಿಗಿಂತ ಚೂರು ದೊಡ್ಡದಾದ ಒಂದು ಹೆಂಗಸರ ವಾಚು ಹೊರಗೆ ಬಂತು. "ನಮ್ಮತ್ತೆಯವರದು. ದಿನಾ ಕೀ ಕೊಡು ಅಂತ ಬಿಟ್ಟುಹೋಗಿದ್ರು. ನಾನು ಸ್ವಲ್ಪ ಜಾಸ್ತಿ ಕೊಟ್ಟೆ."

"ಎಷ್ಟು ಜಾಸ್ತಿ?"

"ಟಕ್ ಅನ್ನೋ ತನಕ."

ಮುಳ್ಳಪ್ಪನವರು ವಾಚನ್ನು ಕಿವಿಯ ಹತ್ತಿರ ಹಿಡಿದರು. ಅದು ಮೌನವ್ರತದಲ್ಲಿತ್ತು.

"ಭಾನುವಾರ ಬರ್ತಾರೆ," ಅಂದರು ಇಂಜಿನಿಯರು. ಅವರ ಮುಖದ ಮೇಲಿದ್ದ ಅಧಿಕಾರವೆಲ್ಲ ಎಲ್ಲಿಗೋ ಹೋಗಿತ್ತು. "ಹೆಡ್ಮಿಸ್ಸಾಗಿ ರಿಟೈರಾದವರು. ನಡೀದೇ ಇರೋ ವಸ್ತು ಅವರ ಕಣ್ಣಿಗೆ ಬೀಳಬಾರದು. ಮನುಷ್ಯರೂ ಸೇರಿಸಿ ಹೇಳಿದೆ."

"ನಿಂತು ಬಂದ ವಾಚು ನನ್ನ ಮೇಜಿಂದ ನಿಂತೇ ಹೋದದ್ದಿಲ್ಲ ಸಾರ್."

ಇದು ಬಡಾಯಿಯಲ್ಲ. ಅವರಿಗೆ ದೊಡ್ಡ ಅಂಗಡಿಯಿರಲಿಲ್ಲ, ಕೀ ಕೊಡುವ ವಾಚು ಕಟ್ಟುವವರೂ ಈಗ ಕಡಿಮೆ. ಇದ್ದದ್ದೆಲ್ಲ ಈ ಒಂದು ಮಾತು. ಅದನ್ನು ಇಷ್ಟು ವರ್ಷ ಉಳಿಸಿಕೊಂಡು ಬಂದಿದ್ದರು.

ವಾಚಿನೊಳಗೆ ಒಂದು ಪುಟ್ಟ ಚಕ್ರ ಆಚೆಗೆ ಈಚೆಗೆ ಓಲಾಡುತ್ತಿರುತ್ತದೆ. ಅದಕ್ಕೆ ಕೂದಲಿಗಿಂತ ತೆಳ್ಳನೆಯ ಸ್ಪ್ರಿಂಗು ಸುತ್ತಿರುತ್ತದೆ. ಅದನ್ನು ಅದರ ಜಾಗದಲ್ಲಿ ಕೂರಿಸುವಾಗ ಮುಳ್ಳಪ್ಪನವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿಯುತ್ತಿದ್ದರು. ಆಗ ಮನೆಯಲ್ಲಿ ಯಾರೂ ಬಾಗಿಲು ಹಾಕುವಂತಿರಲಿಲ್ಲ. ಹೆಂಡತಿ ಬರುತ್ತಿದ್ದ ಸೀನನ್ನೂ ಹಿಂದಕ್ಕೆ ಕಳಿಸುತ್ತಿದ್ದಳು. ಇಂಥ ಒಂದು ಪವಿತ್ರ ಗಳಿಗೆಯಲ್ಲಿ ಮೊದಲನೆಯ ಹಾಲಿನ ವ್ಯಾನು ಹಂಪು ಹಾರಿತು.

ನೆಲ ಅದುರಿತು, ಮೇಜು ಅದುರಿತು, ಚಿಮಟ ಅದುರಿತು, ಚಕ್ರ ಎಲ್ಲಿಗೋ ಚಿಮ್ಮಿತು. ಮುಳ್ಳಪ್ಪನವರು ಮೇಜಿನಡಿ ಅಂಬೆಗಾಲಿಕ್ಕಿ ಹುಡುಕಿದರು. ಅದು ಸಿಗುವಷ್ಟರಲ್ಲಿ ನೀರಿನ ಟ್ಯಾಂಕರು ಬಂತು. ಅದರ ಪ್ರಭಾವಕ್ಕೆ ಮೇಜಿನ ಮೇಲಿದ್ದ ಸ್ಕ್ರೂಗಳೆಲ್ಲ ಒಮ್ಮೆ ಎದ್ದು ನಿಂತು ನೋಡಿ ನಾನಾ ದಿಕ್ಕಿಗೆ ಹೊರಟುಹೋದವು.

"ರೀ," ಎಂದು ಅಡಿಗೆಮನೆಯಿಂದ ಹೆಂಡತಿ ಕೂಗಿದಳು, "ಸಕ್ಕರೆ ಡಬ್ಬಿಯೊಳಗೆ ಹಲ್ಲಿರೋ ಚಕ್ರ ಒಂದು ಬಂದಿದೆ. ನಿಮ್ಮದಾ?"

ಮುಳ್ಳಪ್ಪನವರು ಮೇಜಿನ ಕಾಲುಗಳಿಗೆ ದಿಂಬು ಕೊಟ್ಟರು. ಮೇಜು ದೋಣಿಯಂತೆ ಓಲಾಡಿತು. ಹಿತ್ತಲಿಗೆ ಒಯ್ದರು, ಗಾಳಿ ಬಂತು. ಬಚ್ಚಲಿಗೆ ಒಯ್ದರು; ಹೆಂಡತಿ ಬಂದಳು. ಕೊನೆಗೆ ಇಂಜಿನಿಯರಿಗೆ ಫೋನು ಮಾಡಿ, ಹಂಪನ್ನು ಕೊಂಚ ತಗ್ಗಿಸಲಾಗುತ್ತದೆಯೇ ಎಂದು ವಿಚಾರಿಸಿದರು.

"ಹಾಕೋಕೆ ಒಂದು ಸಹಿ ಸಾಕು ಅಧ್ಯಕ್ಷರೇ. ತೆಗೆಯೋಕೆ ಕಾರಣ ಬೇಕು. ಅಪಘಾತ ಆಗ್ತಾ ಇದೆಯಾ?"

"ಇಲ್ಲ. ಪೂರ್ತಿ ನಿಂತುಹೋಗಿದೆ."

"ಮತ್ತೇನು ತೊಂದರೆ?"

ತೊಂದರೆ ಏನೆಂದು ಹೇಳಿದರೆ, ಅವರತ್ತೆಯ ವಾಚು ಇನ್ನೂ ಬಿಚ್ಚಿದ ಸ್ಥಿತಿಯಲ್ಲೇ ಇದೆಯೆಂದು ಹೇಳಿದಂತಾಗುತ್ತಿತ್ತು. "ಏನಿಲ್ಲ, ಅಭಿನಂದನೆ ಹೇಳೋಣ ಅಂತ ಮಾಡಿದೆ," ಎಂದು ಇಟ್ಟುಬಿಟ್ಟರು.

ಹಲ್ಲಿನ ಡಾಕ್ಟರು ಒಳ್ಳೆಯ ಮನುಷ್ಯ. ತಾವು ಊಟಕ್ಕೆ ಹೋಗುವ ಹೊತ್ತಿನಲ್ಲಿ ಕ್ಲಿನಿಕ್ಕು ಖಾಲಿ, ಅಲ್ಲಿ ಕೂತು ಮಾಡಿಕೊಳ್ಳಿ ಎಂದರು. ಆ ಕೋಣೆಯಲ್ಲಿ ಸ್ಥಿರವಾದ ತಟ್ಟೆ, ಬೇಕಾದ ಕಡೆ ತಿರುಗುವ ದೀಪ, ಎಲ್ಲ ಇತ್ತು. ಮುಳ್ಳಪ್ಪನವರು ಡಾಕ್ಟರ ಸ್ಟೂಲಿನ ಮೇಲೆ ಕೂತು, ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟ ಎತ್ತಿದರು. ಅಷ್ಟರಲ್ಲಿ ಒಬ್ಬ ಮುದುಕರು ಬಂದು, ಏನೂ ಹೇಳದೆ ಪಕ್ಕದ ದೊಡ್ಡ ಕುರ್ಚಿಯಲ್ಲಿ ಒರಗಿ, ಬಾಯಿ ಅಗಲವಾಗಿ ತೆರೆದರು.

ತೆರೆದ ಬಾಯಿಯ ಮುಂದೆ ಏನೂ ಮಾಡದೆ ಕೂರುವುದು ಸೌಜನ್ಯವಲ್ಲ. ಮುಳ್ಳಪ್ಪನವರು ಬಗ್ಗಿ ಒಳಗೆ ನೋಡಿದರು. ನೋಡಿದ ಮೇಲೆ ಅಭ್ಯಾಸಬಲದಿಂದ ಮಾತು ಬಂದುಹೋಯಿತು.

"ಹಲ್ಲುಗಳು ಸವೆದಿವೆ. ಒಂದು ಸಲ ಪೂರ್ತಿ ಬಿಚ್ಚಿ, ಪೆಟ್ರೋಲಲ್ಲಿ ತೊಳೆದು, ಎಣ್ಣೆ ಬಿಟ್ಟು ಕೂರಿಸಬೇಕಾಗುತ್ತೆ. ಬಿಟ್ಟುಹೋಗಿ, ಸಂಜೆ ಬನ್ನಿ."

ಮುದುಕರು ತಮ್ಮ ವಯಸ್ಸನ್ನು ಮರೆತು ಓಡಿದರು. ಸಂಜೆಯೊಳಗೆ ಹಲ್ಲಿನ ಡಾಕ್ಟರ ಮೂರು ಹಳೇ ಗಿರಾಕಿಗಳು ಬೇರೆ ಡಾಕ್ಟರನ್ನು ಹುಡುಕಿಕೊಂಡಿದ್ದರು. ಮುಳ್ಳಪ್ಪನವರು ವಾಚನ್ನು ತಟ್ಟೆಸಮೇತ ಎತ್ತಿಕೊಂಡು ತಮ್ಮ ಮೂಲೆಗೆ ಮರಳಿದರು.

ಅವರು ತಲೆಯ ಮೇಲೆ ಕೈಹೊತ್ತು ಕೂತದ್ದನ್ನು ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಮದುವೆಯಾದಾಗಿನಿಂದ ಅವರ ಮಾತನ್ನು ಆಕೆ ಹೆಚ್ಚು ಲೆಕ್ಕಕ್ಕಿಟ್ಟವಳಲ್ಲ. ಆದರೆ ಅವರ ಕೈಯನ್ನು ಯಾವತ್ತೂ ಅನುಮಾನಿಸಿದವಳಲ್ಲ.

"ಎಷ್ಟು ಹೊತ್ತು ಬೇಕು ನಿಮಗೆ, ಅದು ಕೂರಿಸೋಕೆ?"

"ಒಂದು ಉಸಿರು ಕಣೇ. ಹೆಚ್ಚು ಅಂದ್ರೆ ಎರಡು."

"ಆ ಒಂದು ಉಸಿರು ಯಾವ ಗಾಡಿನೂ ಬರಬಾರದು. ಅಷ್ಟೇ ತಾನೇ?"

ಆಕೆ ಬಚ್ಚಲಿಗೆ ಹೋಗಿ, ನೀರಿನ ಡ್ರಮ್ಮಿನ ಕೆಂಪು ಪ್ಲಾಸ್ಟಿಕ್ ಮುಚ್ಚಳ ತೆಗೆದುಕೊಂಡು ಬಂದಳು. ನಡುರಸ್ತೆಗೆ ಹೋಗಿ ಹಂಪಿನ ಮುಂದೆ ನಿಂತಳು. ಕಿಟಕಿಯೊಳಗಿಂದ ಗಂಡ ಎಡಗೈ ಎತ್ತಿದರೆ ಮುಚ್ಚಳ ಮೇಲೆ. ಕೈ ಇಳಿಸಿದರೆ ಮುಚ್ಚಳ ಕೆಳಗೆ.

ವಾಹನಗಳು ನಿಂತವು. ಯಾಕೆ ನಿಂತವೆಂದು ಹೇಳುವುದು ಕಷ್ಟ. ಕೆಂಪು ಬಣ್ಣದ್ದೇನನ್ನಾದರೂ ಎತ್ತಿ ಹಿಡಿದು, ನಿಲ್ಲದಿದ್ದರೆ ನಿಮ್ಮ ಮನೆಗೇ ಬಂದು ಕೇಳುತ್ತೇನೆ ಎಂಬಂತೆ ನೋಡುವ ಹೆಂಗಸಿನ ಮುಂದೆ ಡ್ರೈವರುಗಳು ಕಾಯಿದೆ ಕೇಳುವುದಿಲ್ಲ. ಟ್ಯಾಂಕರಿನವನು ಮಾತ್ರ ಕತ್ತು ಹೊರಗೆ ಹಾಕಿದ.

"ಯಾಕಮ್ಮ ನಿಲ್ಸಿದ್ದು?"

"ಒಳಗೆ ಕೆಲಸ ನಡೀತಾ ಇದೆ."

"ಎಲ್ಲೂ ಕಾಣ್ತಾ ಇಲ್ಲವಲ್ಲ?"

"ಅಷ್ಟು ಸಣ್ಣದು."

ಅವನು ಯೋಚಿಸಿ ಇಂಜಿನ್ ಆರಿಸಿದ. ಆ ಬಿಡುವಿನಲ್ಲಿ ಪಿಟೀಲು ಮಕ್ಕಳು ರಸ್ತೆ ದಾಟಿದವು. ಬೇಕರಿಯವನು ನಿಂತ ಗಾಡಿಗಳ ಕಿಟಕಿಗಳಿಗೆ ತಟ್ಟೆ ಹಿಡಿದುಕೊಂಡು ಓಡಾಡಿ ಬನ್ನು ಮಾರಿದ. ಶನಿವಾರದ ಹೊತ್ತಿಗೆ, ಕೀ ಕೊಟ್ಟು ಮುರಿದಿದ್ದ ಸ್ಪ್ರಿಂಗು ಬದಲಾಗಿ, ಚಕ್ರಗಳೆಲ್ಲ ಕೂತು, ಆ ಕೊನೆಯ ಓಲಾಡುವ ಚಕ್ರವೊಂದು ಉಳಿದಿತ್ತು.

ಭಾನುವಾರ ಬೆಳಿಗ್ಗೆ ಅದಕ್ಕಾಗಿ ಮುಳ್ಳಪ್ಪನವರು ಎಡಗೈ ಎತ್ತಿದರು. ಎತ್ತಿದ್ದನ್ನು ಮರೆತರು. ಒಂದು ಉಸಿರು ಹೋಗಿ ಇನ್ನೊಂದು ಬಂತು. ಬಟಾಣಿಯಷ್ಟು ವಾಚಿನ ಚಕ್ರ ತನ್ನ ಗೂಡಿನ ಬಾಯಿಯವರೆಗೆ ಬರುವುದು, ಮೊಂಡು ಕೂಸಿನಂತೆ ಹಿಂದೆ ಸರಿಯುವುದು. ಹೊರಗೆ ಮೂರು ರಸ್ತೆಗಳಲ್ಲಿ ವಾಹನಗಳು ಮುಖ್ಯರಸ್ತೆಯವರೆಗೆ ನಿಂತವು. ನಾಲ್ಕನೆಯದು, ಹಂಪಿನ ರಸ್ತೆ, ಖಾಲಿಯಿತ್ತು. ಆಕೆಯ ತೋಳು ಸೋತಿತು, ಮುಚ್ಚಳ ಇಳಿಯಲಿಲ್ಲ.

ನಿಂತ ಸಾಲಿನ ಹಿಂದಿನಿಂದ ಇಂಜಿನಿಯರು ಜೀಪು ಬಿಟ್ಟು ನಡೆದುಕೊಂಡೇ ಬಂದರು. ಅತ್ತೆ ಬರುವ ಮುಂಚೆ ವಾಚು ಒಯ್ಯಬೇಕಾಗಿತ್ತು.

"ಯಾರು ನಿಮಗೆ ಅಧಿಕಾರ ಕೊಟ್ಟಿದ್ದು? ಹೀಗೆ ರಸ್ತೆ ಕಟ್ಟೋದಕ್ಕೆ ನಿಯಮ..."

"ನಿಮ್ಮತ್ತೆ ವಾಚೇ ಸಾರ್ ಅದು," ಎಂದು ಆಕೆ ಕಿಟಕಿ ತೋರಿಸಿದಳು. "ಈಗ ಒಂದು ಗಾಡಿ ಹಂಪು ಹತ್ತಿದ್ರೂ ಮತ್ತೆ ಸಕ್ಕರೆ ಡಬ್ಬಿಗೇ."

ಇಂಜಿನಿಯರು ಕಿಟಕಿ ನೋಡಿದರು. ಒಳಗೆ ಅಧ್ಯಕ್ಷರು ಕಣ್ಣಿಗೆ ಗಾಜು ಹಾಕಿಕೊಂಡು ನೀಲಿಬಣ್ಣಕ್ಕೆ ತಿರುಗುತ್ತಿದ್ದರು. ನಿಯಮ ಅರ್ಧದಲ್ಲೇ ನಿಂತಿತು.

"ಇದನ್ನ ಸ್ವಲ್ಪ ಹಿಡ್ಕೊಳ್ಳಿ, ಒಲೆ ಮೇಲೆ ಹಾಲಿದೆ," ಎಂದು ಆಕೆ ಮುಚ್ಚಳವನ್ನು ಅವರ ಕೈಗಿತ್ತು ಒಳಗೆ ಹೋದಳು.

ಹೀಗೆ ನಗರಸಭೆಯ ಇಂಜಿನಿಯರು, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಬಿಸಿಲಲ್ಲಿ, ನಡುರಸ್ತೆಯಲ್ಲಿ, ಎರಡೂ ಕೈಯಿಂದ ಡ್ರಮ್ಮಿನ ಮುಚ್ಚಳ ಎತ್ತಿ ಹಿಡಿದು ನಿಂತರು. ಮೂರು ರಸ್ತೆಗಳನ್ನು ಚೆನ್ನಾಗಿಯೇ ಕಾದರು. ಬೆನ್ನ ಹಿಂದಿನದು ಅವರಿಗೆ ಕಾಣಲಿಲ್ಲ. ಅಲ್ಲಿಂದ ಒಂದು ಟ್ಯಾಕ್ಸಿ ಬಂತು, ಹಂಪು ಹತ್ತಿತು, ಕೊಂಚ ಹೊತ್ತು ಗಾಳಿಯಲ್ಲಿತ್ತು, ಧಡಾರನೆ ಇಳಿದು ಅವರ ಮಂಡಿಯ ಹಿಂದೆ ನಿಂತಿತು.

ಮುಳ್ಳಪ್ಪನವರ ಮೇಜು ಅದುರಿತು. ಚಕ್ರ ಚಿಮಟದಿಂದ ಜಾರಿತು. ಜಾರಿದ್ದು, ಇಷ್ಟು ಹೊತ್ತು ಬೇಡಬೇಡವೆಂದು ಮುನಿಸಿಕೊಂಡಿದ್ದ ಅದೇ ಗೂಡಿನೊಳಗೆ ನೆಟ್ಟಗೆ ಬಿದ್ದು, ಕೂತು, ಟಿಕ್ಕೆನ್ನತೊಡಗಿತು. ಈ ವಿಷಯವನ್ನು ಮುಳ್ಳಪ್ಪನವರು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ನಾವೂ ಹೇಳುವುದು ಬೇಡ.

ಟ್ಯಾಕ್ಸಿಯಿಂದ ಬಿಳಿಕೂದಲಿನ ಒಬ್ಬ ಹೆಂಗಸು ನೆತ್ತಿ ಸವರಿಕೊಳ್ಳುತ್ತ ಇಳಿದರು.

"ಅಳಿಯಂದಿರೇ. ಕೈಯಲ್ಲಿ ಏನದು?"

"ಮುಚ್ಚಳ, ಅತ್ತೆ."

"ಯಾತರದು?"

"ನೀರಿನ ಡ್ರಮ್ಮಿಂದು. ಇದು ಒಂದು... ಪ್ರಾಯೋಗಿಕ ಯೋಜನೆ."

ಹೆಡ್ಮಿಸ್ಸು ಸಾಲುಗಟ್ಟಿ ನಿಂತ ವಾಹನಗಳನ್ನೂ, ಈ ಸಂದರ್ಭದಲ್ಲಿ ಕೈಕೈ ಹಿಡಿದು ರಸ್ತೆ ದಾಟುತ್ತಿದ್ದ ಪಿಟೀಲು ಮಕ್ಕಳನ್ನೂ ನೋಡಿದರು. "ಅಧಿಕಾರಿ ಅನ್ನೋನು ಬಿಸಿಲಲ್ಲಿ ನಿಂತಿರೋದನ್ನ ಇವತ್ತು ನೋಡಿದೆ. ಮಗಳಿಗೆ ಹೇಳ್ತೀನಿ. ಅದಿರಲಿ, ಈ ಗುಡ್ಡ ಹಾಕಿಸಿದ್ದು ಯಾರು?"

ಸದ್ದಿಗೆ ನಾಲ್ಕೂ ಮೂಲೆಯವರು ಹೊರಗೆ ಬಂದಿದ್ದರು. ಇಂಜಿನಿಯರು ಹಲ್ಲಿನ ಡಾಕ್ಟರನ್ನು ನೋಡಿದರು. ಡಾಕ್ಟರು ಬೇಕರಿಯವನನ್ನು ನೋಡಿದರು. ಬೇಕರಿಯವನು, ವಾಚು ಹಿಡಿದು ಹೊರಗೆ ಬರುತ್ತಿದ್ದ ಮುಳ್ಳಪ್ಪನವರನ್ನು ತಟ್ಟೆಸಮೇತ ತೋರಿಸಿದ.

"ಅಧ್ಯಕ್ಷರು."

"ನಾಳೆ ಇದು ಇಲ್ಲಿರಬಾರದು," ಅಂದರು ಹೆಡ್ಮಿಸ್ಸು.

"ತೆಗೆಸ್ತೀನಿ ಅತ್ತೆ," ಎಂದು ಇಂಜಿನಿಯರು ತಕ್ಷಣ ಒಪ್ಪಿದರು. "ಕಾರಣ ಇರಲಿಲ್ಲ ಇಷ್ಟು ದಿನ. ಈಗ ಸಿಕ್ತು."

ಮುಳ್ಳಪ್ಪನವರ ಎದೆಯ ಮೇಲಿನ ಹಂಪೂ ಅದರೊಡನೆ ಇಳಿಯಬೇಕಾಗಿತ್ತು. ಅವರು ವಾಚನ್ನು ಹೆಡ್ಮಿಸ್ಸಿನ ಕೈಗೆ ಕೊಟ್ಟರು. ಆಕೆ ಕಿವಿಗಿಟ್ಟು ತಲೆಯಾಡಿಸಿದರು. ಅಷ್ಟರಲ್ಲಿ ಮಂಡಿ ತರಚಿಕೊಂಡಿದ್ದ ಹುಡುಗಿ ಅವರ ಮುಂದೆಯೇ ಹಾದುಹೋದಳು. ಯಾರದೋ ಎರವಲು ಪಿಟೀಲನ್ನು ದಿಂಬಿನ ಚೀಲದಲ್ಲಿ ಹಾಕಿ ಎದೆಗವಚಿಕೊಂಡಿದ್ದಳು.

"ಬೇಡ," ಅಂದರು ಮುಳ್ಳಪ್ಪನವರು.

ಮತ್ತೆ ಎಲ್ಲರೂ ಸುಮ್ಮನಿದ್ದ ಗಳಿಗೆಯೇ ಅದು.

"ಏನು ಬೇಡ?" ಅಂದರು ಹೆಡ್ಮಿಸ್ಸು.

"ಹಂಪು ತೆಗೆಯೋದು ಬೇಡಮ್ಮ. ಅದು ಬಂದ ಮೇಲೆ ಇಲ್ಲಿ ಒಂದು ಮಗೂನೂ ಬಿದ್ದಿಲ್ಲ. ಬೀಳೋದೆಲ್ಲ ನನ್ನ ಸ್ಕ್ರೂಗಳು. ಸ್ಕ್ರೂಗೆ ಮಂಡಿ ಇರಲ್ಲ." ಆಮೇಲೆ ನೆಲ ನೋಡುತ್ತ ಸೇರಿಸಿದರು: "ನಾನು ಬೇಕಾದ್ರೆ ಗೋಡೆ ಗಡಿಯಾರ ಮಾಡ್ಕೊಂಡಿರ್ತೀನಿ. ಅದರ ಚಕ್ರ ದಪ್ಪ. ಅದುರಿದ್ರೂ ತಡ್ಕೊಳ್ಳುತ್ತೆ."

ಪಿಟೀಲು ಟೀಚರು ಸೆರಗಿನ ತುದಿ ಹಿಡಿದುಕೊಂಡು ಬೇರೆ ಕಡೆ ನೋಡಿದರು. ತಮ್ಮ ಕಡೆಗೆ ಹಂಪು ಬೇಡವೆಂದು ತಾವೇ ಅಂದದ್ದು ಅವರಿಗೆ ನೆನಪಿತ್ತು.

ಬಾಗಿಲಲ್ಲಿ ಹಾಲಿನ ಸೌಟು ಹಿಡಿದು ನಿಂತಿದ್ದ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬಂದು, ಇಂಜಿನಿಯರ ಕೈಯಿಂದ ಮುಚ್ಚಳ ವಾಪಸು ತೆಗೆದುಕೊಂಡಳು.

"ಗೋಡೆ ಗಡಿಯಾರವಂತೆ," ಅಂದಳು. "ಈ ಕೈಯಿಟ್ಕೊಂಡು ಗೋಡೆ ಗಡಿಯಾರ ಮಾಡ್ತಾರಂತೆ. ಹಂಪು ಕೆರೆಸಿ ಸಾರ್. ಮಕ್ಕಳು ಓಡಾಡೋ ಹೊತ್ತಲ್ಲಿ ನಾನು ನಿಲ್ತೀನಿ. ಹೇಗೂ ನಿಂತೇ ಇದ್ದೀನಲ್ಲ."

"ಇವರಿಗೊಂದು ಟೋಪಿ, ಒಂದು ಸೀಟಿ, ತಿಂಗಳಿಗೆ ಸಂಬಳ," ಅಂದರು ಹೆಡ್ಮಿಸ್ಸು.

"ಅತ್ತೆ, ಅದಕ್ಕೆ ನಿಯಮದಲ್ಲಿ..."

ಹೆಡ್ಮಿಸ್ಸು ಅಳಿಯನ ಕಡೆ ತಿರುಗಿದರು.

"...ಇರುತ್ತೆ," ಅಂದರು ಇಂಜಿನಿಯರು. "ಹುಡುಕ್ತೀನಿ."

ಟಾರಿನವರು ಬಂದು ಹಂಪು ಕೆರೆದರು. ಹಾಕುವಾಗ ಇದ್ದ ಉತ್ಸಾಹವೇ ತೆಗೆಯುವಾಗಲೂ ಇದ್ದುದರಿಂದ, ಅದು ಇದ್ದ ಜಾಗದಲ್ಲಿ ಒಂದು ಗುಂಡಿ ಬಿತ್ತು. ಅದರೊಳಗೆ ಇಳಿದು ಹತ್ತುವ ಗಾಡಿಗಳಿಂದ ಮುಳ್ಳಪ್ಪನವರ ಮೇಜು ಮೊದಲಿನಷ್ಟಲ್ಲದಿದ್ದರೂ ಅದುರುತ್ತದೆ. ಗುಂಡಿ ಮುಚ್ಚಿಸುವ ವಿಷಯ ಸಮಿತಿಯ ಮುಂದೆ ಬಂದಾಗ ಅಧ್ಯಕ್ಷರು ಬಾಯಿ ಬಿಡದೆ ಕೂತಿದ್ದರು.

ಮೊನ್ನೆ ಸಂಜೆ ಅವರು ಯಾರದೋ ಸಣ್ಣ ವಾಚಿನ ಚಕ್ರ ಹಿಡಿದು, ಉಸಿರು ಬಿಗಿದು, ಕಿಟಕಿಯಲ್ಲಿ ಎಡಗೈ ಎತ್ತಿದರು. ರಸ್ತೆಯಲ್ಲಿ ಟೋಪಿ ಹಾಕಿಕೊಂಡು ನಿಂತಿದ್ದ ಹೆಂಡತಿ ಅದನ್ನು ನೋಡಿದಳು. ನೋಡಿ, ತಲೆ ಅಡ್ಡಡ್ಡ ಆಡಿಸಿ, ಸುಮ್ಮನಿರಿ ಎಂದು ಅಂಗೈ ತೋರಿಸಿದಳು. ಪಿಟೀಲು ಕ್ಲಾಸು ಬಿಟ್ಟಿತ್ತು. ಮೊದಲು ಮಕ್ಕಳು, ಆಮೇಲೆ ಬೇಕರಿಯ ಗಾಡಿ, ಆಮೇಲೆ ಒಂದು ಬೆಕ್ಕು. ಕಿಟಕಿಯ ಪಕ್ಕದಲ್ಲೇ ನೀರಿನ ಟ್ಯಾಂಕರು ನಿಂತಿತ್ತು. ಅದರ ಡ್ರೈವರು ಮೊಣಕೈ ಹೊರಗಿಟ್ಟು ಒಳಗೆ ಬಗ್ಗಿ ನೋಡಿದ.

"ಮೊದಲು ಯಾರಿಗೆ ಬಿಡ್ತಾರೆ ಸಾರ್, ನಮಗಾ, ನಿಮಗಾ?"

ಮುಳ್ಳಪ್ಪನವರು ಉಸಿರು ಹಿಡಿದಿದ್ದರು, ಮಾತಾಡುವಂತಿರಲಿಲ್ಲ. ಎತ್ತಿದ್ದ ಎಡಗೈಯನ್ನೇ ಹಾಗೇ ತಿರುಗಿಸಿ, ಆಕೆಯನ್ನು ಕೇಳು ಎಂದು ಬೆರಳು ತೋರಿಸಿದರು.